ಶ್ರಾಫರಿಗೆ ಪುರಾಣ ಬೇಡ

ನಾವು ಹಿಂದಿರುಗಿಸಿದ ಲೇಖನವೊಂದನ್ನು ನೆರೆಯ ಪತ್ರಿಕೆ ಬಣ್ಣದ ಪುಟದಲ್ಲಿ ಮೆರೆಸಿದೆ. ಎದುರಿನ ಪುಟದಲ್ಲಿ ಒಡವೆಯಂಗಡಿಯ ಜಾಹೀರಾತು. ‘ಶ್ರಾಫ್’ ಎಂಬ ಕುಲನಾಮ ‘ಸುರಪ’ನಿಂದ, ಅಂದರೆ ಸಾಕ್ಷಾತ್ ದೇವೇಂದ್ರನಿಂದ ಬಂತೆಂಬುದು ಆ ಲೇಖನದ ಸಂಶೋಧನೆ. ಲೇಖಕರು ನಮ್ಮ ಮೇಲೆ ಮುನಿದಿದ್ದಾರಂತೆ. ಮುನಿಯಲಿ.

ಮೂಲ ಅರಬಿಯ ‘ಸರ್ರಾಫ್’. ಪಾರಸಿಯ ಕೈ ಹಿಡಿದು ಈ ನೆಲಕ್ಕೆ ಬಂತು. ಪೋರ್ಚುಗೀಸರ, ಇಂಗ್ಲಿಷರ ಬಾಯಲ್ಲಿ ತಿರುಗಿ ‘ಶ್ರಾಫ್’ ಆಯಿತು. ನಾಣ್ಯ ಪರೀಕ್ಷಿಸಿ, ವಟ್ಟ ಮುರಿದುಕೊಂಡು ಚಿಲ್ಲರೆ ಕೊಡುವವನು, ಕನ್ನಡದ ಚಿನಿವಾರ. ಮುಂಬೈಯ ಪಾರ್ಸಿಗಳಲ್ಲಿ, ಗುಜರಾತಿನ ಹಿಂದೂಗಳಲ್ಲಿ, ಬೋಹ್ರಾಗಳಲ್ಲಿ, ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಇದೇ ಹೆಸರು. ರಕ್ತ ಒಂದಲ್ಲ, ಕಸುಬು ಒಂದು.

ಘಟ್ಟದ ಕಾಫಿ ಬಂಟ್ವಾಳ ಪೇಟೆಗಿಳಿದು, ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿಗೆ ಹೋಗುತ್ತಿದ್ದ ಕಾಲವನ್ನು ನೆನೆಯಿರಿ. ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಎಸೆದು, ಸದ್ದಿಗೆ ಕಿವಿಗೊಟ್ಟು, ಸವೆದ ಅಂಚನ್ನು ಹೆಬ್ಬೆರಳಿನಿಂದ ಸವರಿ, ‘ಇದು ನಡೆಯುವುದಿಲ್ಲ’ ಎನ್ನುವ ಎದೆಗಾರಿಕೆ ಇದ್ದವನಿಗೆ ಇಂದ್ರನ ಶಿಫಾರಸು ಏಕೆ?

ಈ ಸೀಮೆಯಲ್ಲಂತೂ ಕುಲನಾಮ ನಂಬಿ ಕುಲ ಹೇಳುವುದೇ ಹುಚ್ಚು. ಹೆಗ್ಡೆ, ಬಲ್ಲಾಳ ಹುದ್ದೆ-ಬಿರುದುಗಳ ಹೆಸರು. ಜೈನರಲ್ಲೂ ಇದ್ದಾರೆ, ಬಂಟರಲ್ಲೂ ಇದ್ದಾರೆ. ಮೂಡುಬಿದಿರೆಯ ಚೌಟ, ವೇಣೂರಿನ ಅಜಿಲ ಅರಸು ಮನೆತನಗಳ ಹೆಸರು. ಬಂಟರ ಮನೆಯಲ್ಲಿ ಸಂಬಂಧ ಕೂಡಿಸುವಾಗ ಹಿರಿಯರು ವಿಚಾರಿಸುವುದು ‘ಬರಿ’ಯನ್ನು. ಅದು ತಾಯಿಯಿಂದ ಬರುವ ಕುಲ, ಹೆಸರಿನ ಬಾಲದಲ್ಲಿ ಕಾಣುವಂಥದ್ದಲ್ಲ.

‘ಪಾರಸಿ ಹೆಸರು ನಮಗೇಕೆ?’ ಎನ್ನುವ ಶುದ್ಧಿಯವರಿಗೂ ಒಂದು ಮಾತು. ಬೆಳ್ತಂಗಡಿಯ ಬಂಡೆಕೋಟೆಗೆ 1794ರಲ್ಲಿ ಟಿಪ್ಪು ಜಮಾಲಾಬಾದ್ ಎಂದ. ನರಸಿಂಹಗಡ ಎನ್ನುವವರೂ ಇದ್ದಾರೆ. ಊರವರ ಬಾಯಲ್ಲಿ ಅದು ಗಡಾಯಿಕಲ್ಲು. ಮೂರೂ ನಡೆಯುತ್ತವೆ. ನೀವೂ ಅಷ್ಟೆ: ಜಮೀನಿನ ದಸ್ತಾವೇಜು ಹಿಡಿದು ತಾಲೂಕು ಕಚೇರಿಗೆ ಹೋಗುತ್ತೀರಿ, ತಹಶೀಲ್ದಾರರಿಗೆ ಅರ್ಜಿ ಕೊಡುತ್ತೀರಿ, ರಸೀದಿ ಕೇಳಿ ಪಡೆಯುತ್ತೀರಿ. ಅಲ್ಲಿ ನಾಲಗೆ ಮೈಲಿಗೆಯಾಗಲಿಲ್ಲ. ನೆರೆಮನೆಯವನ ಹೆಸರು ಕರೆದರೆ ಆಗುತ್ತದೆಯೇ?

ಸಮಾಜದ ಸ್ಮರಣ ಸಂಚಿಕೆಗಳು ವಂಶವೃಕ್ಷ ಬೆಳೆಸಿಕೊಳ್ಳಲಿ, ಅದು ಅವುಗಳ ಹೊಟ್ಟೆಪಾಡು. ಸಾಹಿತ್ಯ ಪತ್ರಿಕೆಗಳು ಅದಕ್ಕೆ ನೀರೆರೆಯುವುದು ನಾಚಿಕೆಗೇಡು.

ಮುಂದಿನ ಸಂಚಿಕೆಯ ವಿಷಯ: ‘ಪೇಟೆಯ ಹೆಸರುಗಳು’. ದೇವೇಂದ್ರನನ್ನು ಕಳುಹಿಸಬೇಡಿ. ಅಟ್ಟದ ಮೇಲೆ ಅಜ್ಜನ ಲೆಕ್ಕದ ಪುಸ್ತಕವಿದ್ದರೆ, ಧೂಳು ಕೊಡವಿ, ಅದನ್ನು ಕಳುಹಿಸಿ.