ಮರಗಪ್ಪೆಗೆ ಬೋರ್ ಆಗಿಲ್ಲ, ಟ್ಯಾಂಕ್ ಸರಿ ಇಲ್ಲ

ಒಂದು ಕಡೆ ನಿಲ್ಲದವರನ್ನು ಒಟ್ಟುಗೂಡಿಸೋ ಕೆಲಸಕ್ಕೆ ನಮ್ಮಲ್ಲಿ ‘ಕಪ್ಪೆ ತೂಗಿದ ಹಾಗೆ’ ಅಂತಾರೆ. ಕಪ್ಪೆ ಅಂದ್ರೆ ನೆಗೆಯೋದೇ ಅಲ್ವಾ, ಅದರಲ್ಲೇನು ವಿಶೇಷ ಅಂತ ನಮಗೆಲ್ಲ ಅಭ್ಯಾಸ ಆಗಿಬಿಟ್ಟಿದೆ. ಗಾಜಿನ ಟ್ಯಾಂಕ್‌ನಲ್ಲಿ ಸಾಕಿದ ಮರಗಪ್ಪೆ ವಿಷಯದಲ್ಲಿ ಈ ಅಭ್ಯಾಸ ಒಳ್ಳೆಯದಲ್ಲ.

ಟೆಕ್ಸಾಸ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ: ‘ಮಗಳ ಹುಟ್ಟುಹಬ್ಬಕ್ಕೆ ವೈಟ್ಸ್ ಟ್ರೀ ಫ್ರಾಗ್ ತಂದು ಮೂರು ವಾರ ಆಯ್ತು. ರಾತ್ರಿಯಿಡೀ ಗಾಜಿಗೆ ಎಗರಿ ಎಗರಿ ಬೀಳುತ್ತೆ. ಮೂತಿ ತುದಿ ಕೆಂಪಾಗಿದೆ. ಒಂಟಿಯಾಗಿ ಬೋರ್ ಆಗಿರಬೇಕು. ಜೊತೆಗೆ ಇನ್ನೊಂದು ತರೋಣ್ವಾ?’

ಸದ್ಯಕ್ಕೆ ಬೇಡ. ಕಪ್ಪೆಗೆ ಇರೋ ಜಾಗ ಹಿಡಿಸದಿದ್ದರೆ ಗೊತ್ತಿರೋ ದಾರಿ ಒಂದೇ, ಅಲ್ಲಿಂದ ಹೊರಡೋದು. ಗಾಜು ಅಡ್ಡ ಇದೆ ಅನ್ನೋದು ಅದಕ್ಕೆ ಅರ್ಥ ಆಗಲ್ಲ, ಹಾಗಾಗಿ ಮತ್ತೆ ಮತ್ತೆ ಹಾರುತ್ತೆ. ಮೂತಿ ಉಜ್ಜಿ ಉಜ್ಜಿ ಗಾಯ ಆದರೆ ಸೋಂಕು ತಗಲೋದು ಸುಲಭ. ಈಗ ಇನ್ನೊಂದನ್ನು ತಂದರೆ ಸರಿ ಇಲ್ಲದ ಟ್ಯಾಂಕ್‌ನಲ್ಲಿ ಒದ್ದಾಡೋ ಜೀವ ಎರಡಾಗುತ್ತೆ, ಅಷ್ಟೇ.

ಸಹಜ ಯಾವುದು, ಅಲ್ಲದ್ದು ಯಾವುದು?

ಇದು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಮೂಲದ ಕಪ್ಪೆ. ಹಗಲು ನಿದ್ದೆ, ರಾತ್ರಿ ಓಡಾಟ. ಲೈಟ್ ಆರಿದ ಮೇಲೆ ಕೊಂಬೆ ಹತ್ತೋದು, ಬೇಟೆ ಹುಡುಕೋದು ಎಲ್ಲ ಸಹಜ. ನೀರು ಸಿಂಪಡಿಸಿದ ಮೇಲೆ ಗಂಡು ಕಪ್ಪೆ ವಟಗುಟ್ಟಿದರೆ ಅದಕ್ಕೆ ಮಳೆ ಬಂದ ಖುಷಿ. ಬೆನ್ನು ಬಗ್ಗಿಸಿ, ಬಾಯಿ ಅಗಲಿಸಿ, ಕಾಲಿಂದ ಮೈ ಉಜ್ಜಿಕೊಳ್ತಿದ್ದರೆ ಫಿಟ್ಸ್ ಅಂತ ಹೆದರಬೇಡಿ. ಪೊರೆ ಕಳಚಿ ತಾನೇ ತಿನ್ನುತ್ತಿದೆ. ಹೊಸದಾಗಿ ತಂದಾಗ ಒಂದೆರಡು ವಾರ ಗಡಿಬಿಡಿ ಇದ್ದೇ ಇರುತ್ತೆ.

ಒಂದೇ ಜಾಗದ ಗಾಜಿಗೆ ದಿನವೂ ಹಾರೋದು, ಹಗಲಲ್ಲೂ ಅಲೆಯೋದು, ಊಟ ಬಿಡೋದು, ಮೂತಿ ಸವೆಯೋದು, ಇವು ಸಹಜ ಅಲ್ಲ. ಮೂರು ವಾರ ಕಳೆದು ಮೂತಿ ಕೆಂಪಾಗಿದೆ ಅಂದ್ರೆ ಕಾರಣ ಹುಡುಕಲೇಬೇಕು.

ಏನೇನು ನೋಡಬೇಕು?

ಬಿಸಿ: ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು, ರಾತ್ರಿ ಸ್ವಲ್ಪ ಇಳಿಯಲಿ. ಥರ್ಮಾಮೀಟರನ್ನು ಕಪ್ಪೆ ಕೂರುವ ಎತ್ತರದಲ್ಲೇ ಇಡಿ. ಬಲ್ಬ್ ಕೆಳಗಿನ ಕೊಂಬೆಗೂ ಟ್ಯಾಂಕ್ ತಳಕ್ಕೂ ಬಹಳ ವ್ಯತ್ಯಾಸ ಇರುತ್ತೆ. ಎಸಿಯ ಗಾಳಿ ನೇರ ಬಡಿಯೋ ಜಾಗ ಬೇಡ, ಕಿಟಕಿಯ ಬಿಸಿಲೂ ಬೇಡ.

ನೀರು: ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯಲ್ಲ, ಹೊಟ್ಟೆ ಕೆಳಗಿನ ಚರ್ಮದಿಂದ ಹೀರಿಕೊಳ್ಳುತ್ತೆ. ಹಾಗಾಗಿ ನಲ್ಲಿ ನೀರಿನ ಕ್ಲೋರಿನ್ ನೇರ ಮೈಗೆ ಹೋಗುತ್ತೆ. ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತೆ ಅನ್ನೋದು ನಿಜ. ಆದರೆ ಅಮೆರಿಕದ ಎಷ್ಟೋ ಊರುಗಳಲ್ಲಿ ಕ್ಲೋರಮೈನ್ ಬೆರೆಸ್ತಾರೆ, ಅದು ಹಾಗೆ ಹೋಗಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಡಿಕ್ಲೋರಿನೇಟರ್ ಹಾಕಿ, ನೀರನ್ನು ದಿನವೂ ಬದಲಿಸಿ.

ಗಾಜು: ಹಿಂದೆ ಮತ್ತು ಎರಡೂ ಪಕ್ಕಕ್ಕೆ ಹೊರಗಿನಿಂದ ಗಾಢ ಬಣ್ಣದ ಪೇಪರ್ ಅಂಟಿಸಿ. ಗಾಜಿಗೆ ಹಾರೋದು ಕಡಿಮೆ ಮಾಡೋಕೆ ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಅಡಗೋ ಜಾಗ: ಮರಗಪ್ಪೆಗೆ ಅಗಲಕ್ಕಿಂತ ಎತ್ತರ ಮುಖ್ಯ. ದೊಡ್ಡ ಕಪ್ಪೆಗೆ 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ ಬೇಕು. ಮೇಲ್ಭಾಗದಲ್ಲಿ ಎಲೆ, ತೊಗಟೆಯ ಮರೆ ಇರಲಿ. ಖಾಲಿ ಟ್ಯಾಂಕ್ ಫೋಟೊಗೆ ಚೆಂದ, ಕಪ್ಪೆಗೆ ಬಯಲು.

ಊಟ: ತಿಂದು ಉಳಿದ ಕ್ರಿಕೆಟ್ ಹುಳಗಳು ರಾತ್ರಿ ಕಪ್ಪೆಯನ್ನೇ ಕಚ್ಚುತ್ತವೆ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಸಲ ಹಾಕಿ, ಉಳಿದದ್ದನ್ನು ತೆಗೆದುಬಿಡಿ.

ಕೈ: ಮಕ್ಕಳಿಗೆ ಹೇಳೋಕೆ ಕಷ್ಟದ ಮಾತು ಇದು. ನಮ್ಮ ಕೈಯ ಉಪ್ಪು, ಸೋಪು, ಲೋಷನ್ ಅದರ ಚರ್ಮಕ್ಕೆ ಉರಿ. ಸುಮ್ಮನೆ ಎತ್ತಿಕೊಳ್ಳೋದು ಬೇಡ. ಟ್ಯಾಂಕ್ ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ, ಸಾಲ್ಮೊನೆಲ್ಲಾ ಭಯ ಇದೆ.

ಇಷ್ಟು ಸರಿ ಮಾಡಿ ಒಂದು ವಾರ ನೋಡಿ. ಊಟ, ತೂಕ, ಎಲ್ಲಿ ಮಲಗಿತ್ತು ಅಂತ ಫೋನ್‌ನಲ್ಲೇ ನೋಟ್ ಮಾಡಿ. ತೂಗೋಕೆ ಮುಚ್ಚಳದ ಡಬ್ಬಿ ಸಾಕು. ಗಾಯ ಹೆಚ್ಚಾದರೆ ವಾರ ಕಾಯಬೇಡಿ, ಕಪ್ಪೆಗಳನ್ನು ನೋಡುವ ವೆಟ್ ಹತ್ತಿರ ಹೋಗಿ. ಎಲ್ಲ ವೆಟ್‌ಗಳೂ ನೋಡಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಗಲಾಟೆ ತಟ್ಟನೆ ನಿಂತರೆ ‘ಸದ್ಯ, ಸರಿಹೋಯ್ತು’ ಅಂತ ನೆಮ್ಮದಿಯಾಗಬೇಡಿ. ಚೆನ್ನಾಗಿರೋ ಕಪ್ಪೆ ಹಗಲಲ್ಲಿ ಕೈಕಾಲು ಮಡಚಿ ಎತ್ತರದಲ್ಲಿ ಮಲಗುತ್ತೆ. ತಳದಲ್ಲಿ ಕಾಲು ಚಾಚಿ ಬಿದ್ದಿದ್ದರೆ, ಪೊರೆ ಮೇಲೆ ಪೊರೆ ಬಿಡ್ತಿದ್ದರೆ ಕಾಯಿಲೆ ಇರಬಹುದು. ವಿಜ್ಞಾನಿಗಳು 1998ರಲ್ಲಿ ಗುರುತಿಸಿದ ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನಾದ್ಯಂತ ಕಪ್ಪೆಗಳನ್ನು ಕೊಂದಿದೆ. ಜೊತೆ ಕಪ್ಪೆ ತರೋದಾದರೂ ಮೊದಲು ಕೆಲವು ವಾರ ಬೇರೆ ಟ್ಯಾಂಕ್‌ನಲ್ಲೇ ಇಡಬೇಕು ಅನ್ನೋದು ಇದೇ ಕಾರಣಕ್ಕೆ. ಸಾಕೋಕೆ ಆಗಲ್ಲ ಅಂತ ಹಿತ್ತಲಿನ ಕೆರೆಗೆ ಬಿಡೋದಂತೂ ಬೇಡವೇ ಬೇಡ.

ವೈಟ್ಸ್ ಕಪ್ಪೆ ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಹೆಚ್ಚು ಬದುಕುತ್ತೆ. ಇವತ್ತಿನ ಹುಟ್ಟುಹಬ್ಬದ ಗಿಫ್ಟು ಮಗಳು ಕಾಲೇಜು ಸೇರುವಾಗಲೂ ನಿಮ್ಮ ಮನೆಯಲ್ಲೇ ಇರಬಹುದು. ಒಂದು ಭಾನುವಾರ ಕೂತು ಟ್ಯಾಂಕ್ ಸರಿ ಮಾಡಿ. ಪೇಪರ್ ಅಂಟಿಸೋ ಕೆಲಸ ಮಗಳಿಗೇ ಕೊಡಿ.