ಕಾರಿಗೆ ರ‍್ಯಾಂಪ್ ಕಟ್ಟೋಕೆ ಬರುತ್ತೆ, ಮನುಷ್ಯರಿಗೆ ಬರಲ್ವಾ?

1/7

(ಫೋಟೋ ವಿವರಣೆ: ಮನೆ ಗೇಟಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು. ಅದರ ಎರಡೂ ಪಕ್ಕ ಫುಟ್‌ಪಾತ್ ಮೊಣಕಾಲೆತ್ತರದಲ್ಲಿ ತುಂಡಾಗಿ ನಿಂತಿದೆ.)

ನಾಳೆ ಕಾಲೇಜಿಗೆ ಹೊರಟಾಗ ನಿಮ್ಮ ಬೀದಿಯಲ್ಲಿ ಎಷ್ಟು ರ‍್ಯಾಂಪ್ ಇದೆ ಅಂತ ಒಮ್ಮೆ ಎಣಿಸಿ.

"ನಮ್ಮ ಬೀದೀಲಿ ರ‍್ಯಾಂಪಾ? ಒಂದೂ ಇಲ್ಲ" ಅಂತೀರಿ. ಇದೆ. ಮನೆಗೊಂದು ಇದೆ. ಕಾರು ಒಳಗೆ ತಗೊಳ್ಳೋಕೆ, ಸ್ಕೂಟರ್ ಹತ್ತಿಸೋಕೆ ಗೇಟಿನ ಮುಂದೆ ಹಾಕಿರೋ ಇಳಿಜಾರು ಇದೆಯಲ್ಲ, ಅದೇ ರ‍್ಯಾಂಪ್.

ಬೆಂಗಳೂರಿನ ಎಷ್ಟೋ ಹಳೇ ಬಡಾವಣೆಗಳಲ್ಲಿ ಫುಟ್‌ಪಾತ್ ಅಂದ್ರೆ ಚರಂಡಿ ಮೇಲೆ ಹಾಸಿದ ಕಲ್ಲುಚಪ್ಪಡಿ. ಚರಂಡಿ ಗೋಡೆ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ. ಪ್ರತಿ ಗೇಟಿನ ಹತ್ರ ಗಾಡಿಗೋಸ್ಕರ ಅದನ್ನ ಕಡಿದು ಇಳಿಸಿರ್ತಾರೆ. ಹಾಗಾಗಿ ನಡೆಯೋರು ಹತ್ತಬೇಕು, ಇಳೀಬೇಕು, ಮತ್ತೆ ಹತ್ತಬೇಕು. ನಿಮಗೆ ಅದು ಕಿರಿಕಿರಿ. ವೀಲ್‌ಚೇರ್‌ನಲ್ಲಿ ಬಂದವರಿಗೆ ದಾರಿ ಅಲ್ಲಿಗೇ ಮುಗೀತು.

ಹಾಗಾದ್ರೆ ರ‍್ಯಾಂಪ್ ಅಂದ್ರೆ ಏನು ಅಂತ ನಮ್ಮೂರಿಗೆ ಗೊತ್ತಿಲ್ಲ ಅಂತಲ್ಲ. ಸಿಮೆಂಟಿಗೆ ದುಡ್ಡಿಲ್ಲ ಅಂತಲೂ ಅಲ್ಲ. ಚಕ್ರ ಕಾರಿಗಿದ್ರೆ ಒಂದು ನ್ಯಾಯ, ಕುರ್ಚಿಗಿದ್ರೆ ಇನ್ನೊಂದು ನ್ಯಾಯ.

ಈ ಏಳು ಪೋಸ್ಟ್ ಆ ಎರಡನೇ ನ್ಯಾಯದ ಬಗ್ಗೆ. ಓದಿ, ಜಗಳ ಆಡಬೇಕು ಅನ್ನಿಸಿದ್ರೆ ಆಡಿ.

2/7

(ಫೋಟೋ ವಿವರಣೆ: ಸಂಜೆಯ ಬಸ್ ಸ್ಟಾಪ್. ಇಪ್ಪತ್ತು ಮೂವತ್ತು ಜನ ನಿಂತಿದ್ದಾರೆ. ಊರುಗೋಲು, ಬಿಳಿ ಕೋಲು, ವೀಲ್‌ಚೇರ್ ಯಾವುದೂ ಇಲ್ಲ.)

ಈ ವಿಷಯ ಎತ್ತಿದ ತಕ್ಷಣ ಬರೋ ಮೊದಲನೇ ಮಾತು: "ನಮ್ಮ ರೋಡಲ್ಲಿ ವೀಲ್‌ಚೇರ್‌ನವರು ಯಾರೂ ಕಾಣಲ್ಲ. ಯಾರಿಗೋಸ್ಕರ ಕಟ್ಟೋದು?"

ಬಾಗಿಲಿಗೆ ಬೀಗ ಜಡಿದು, "ನೋಡಿ, ನಮ್ಮನೆಗೆ ಯಾರೂ ಬರಲ್ಲ" ಅಂದಂಗಾಯ್ತು ಇದು.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಅದೂ ಹಳೇ ಲೆಕ್ಕ. 1995ರ ಕಾಯ್ದೆ 7 ಬಗೆಯ ವೈಕಲ್ಯವನ್ನ ಮಾತ್ರ ಗುರುತಿಸಿತ್ತು. 2016ರ ಕಾಯ್ದೆ ಅದನ್ನ 21ಕ್ಕೆ ಏರಿಸ್ತು. ಆ್ಯಸಿಡ್ ದಾಳಿಗೆ ಒಳಗಾದವರು, ಪಾರ್ಕಿನ್ಸನ್ಸ್ ಇರುವವರು, ಕಲಿಕೆಯ ತೊಂದರೆ ಇರುವವರು ಪಟ್ಟಿಗೆ ಸೇರಿದ್ದು ಜನಗಣತಿ ಮುಗಿದ ಎಷ್ಟೋ ವರ್ಷದ ಮೇಲೆ.

ಇಷ್ಟು ಜನ ಎಲ್ಲಿದ್ದಾರೆ? ಮನೇಲಿ. ಹೊರಗೆ ಬರೋಕೆ ಇಷ್ಟ ಇಲ್ಲದೆ ಅಲ್ಲ. ಬಂದ್ರೆ ಯಾರಾದ್ರೂ ಎತ್ತಬೇಕು, ಹಿಡೀಬೇಕು, ಜೊತೆಗೆ ಬರಬೇಕು. ಅಣ್ಣನಿಗೆ ರಜೆ ಇರೋ ದಿನ ನೋಡ್ಕೊಂಡು ಲೈಬ್ರರಿಗೆ ಹೋಗೋದನ್ನ ನೀವೇ ಕಲ್ಪಿಸ್ಕೊಳ್ಳಿ. ಒಬ್ಬರೇ ಹೋಗಿ ಗೋಬಿ ತಿಂದು, ಸುಮ್ನೆ ಒಂದು ರೌಂಡ್ ಸುತ್ತಿ ಬರೋದು ನಿಮಗೆ ಟೈಮ್‌ಪಾಸ್. ಎಷ್ಟೋ ಜನಕ್ಕೆ ಅದು ಇನ್ನೂ ಸಿಗದ ಸ್ವಾತಂತ್ರ್ಯ.

ಇನ್ನೊಂದು ಗುಂಪನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಮಂಡಿನೋವಿನ ಅಜ್ಜಿ, ತುಂಬು ಗರ್ಭಿಣಿ, ಮಗುವಿನ ತಳ್ಳುಗಾಡಿ ಹಿಡಿದ ಅಪ್ಪ, ಮ್ಯಾಚಲ್ಲಿ ಕಾಲು ಮುರ್ಕೊಂಡು ಪ್ಲಾಸ್ಟರ್ ಹಾಕ್ಕೊಂಡ ನಿಮ್ಮ ಕ್ರಿಕೆಟ್ ಟೀಮಿನ ಬೌಲರ್. ಇವರಿಗೆಲ್ಲ ಬೇಕಾಗಿರೋದೂ ಅದೇ ಇಳಿಜಾರು.

3/7

(ಫೋಟೋ ವಿವರಣೆ: ಉಬ್ಬು ಗೆರೆಗಳಿರೋ ಹಳದಿ ಟೈಲ್ಸ್ ಸಾಲು ನೇರವಾಗಿ ಹೋಗಿ ಒಂದು ಕರೆಂಟ್ ಬಾಕ್ಸಿಗೆ ತಾಗಿ ನಿಂತಿದೆ.)

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಮ್ಯಾತ್ಸ್ ಅಲ್ಲ.

ರ‍್ಯಾಂಪಿಗೆ ಎಲ್ಲರೂ ಒಪ್ಪಿರೋ ಅಳತೆ 1:12. ಅಂದ್ರೆ 1 ಅಡಿ ಎತ್ತರ ಹತ್ತೋಕೆ 12 ಅಡಿ ಉದ್ದದ ಇಳಿಜಾರು. ಅರ್ಧ ಅಡಿಯ ಫುಟ್‌ಪಾತಿಗೆ 6 ಅಡಿ. ತಲಾ ಅರ್ಧ ಅಡಿಯ ಮೂರು ಮೆಟ್ಟಿಲಿರೋ ಅಂಗಡಿಗೆ 18 ಅಡಿ. ಈಗ "ನಮ್ಮಲ್ಲೂ ರ‍್ಯಾಂಪ್ ಇದೆ" ಅಂತ ಮೆಟ್ಟಿಲ ಮೇಲೆ ಒರಗಿಸಿರೋ ಆ ಕಬ್ಬಿಣದ ತಗಡನ್ನ ನೆನಪಿಸ್ಕೊಳ್ಳಿ. ನಾಲ್ಕೈದು ಅಡಿ ಇದ್ರೆ ಹೆಚ್ಚು. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಕೈಯಲ್ಲಿ ಚಕ್ರ ತಿರುಗಿಸ್ಕೊಂಡು ಹತ್ತೋಕೆ ಹೋದವರು ಹಿಂದಕ್ಕೆ ಮಗುಚಿ ಬೀಳ್ತಾರೆ.

ಹಳದಿ ಟೈಲ್ಸ್ ಕೂಡ ಹಾಗೇನೇ. ಅದು ಡಿಸೈನ್ ಅಂದ್ಕೊಂಡವರು ಬಹಳ ಜನ ಇದ್ದಾರೆ. ಅದೊಂದು ಭಾಷೆ. ಉದ್ದ ಗೆರೆ ಇದ್ರೆ "ಹೀಗೇ ನಡೀರಿ". ಗುಂಡು ಗುಂಡು ಉಬ್ಬು ಇದ್ರೆ "ನಿಲ್ಲಿ, ಮುಂದೆ ರಸ್ತೆಯೋ ಮೆಟ್ಟಿಲೋ ತಿರುವೋ ಇದೆ". ಜಪಾನಿನ ಸೇಯಿಚಿ ಮಿಯಾಕೆ ಇದನ್ನ ರೂಪಿಸಿದ್ದು 1965ರಲ್ಲಿ. 1967ರಲ್ಲಿ ಒಕಾಯಾಮಾ ಊರಿನ ಅಂಧರ ಶಾಲೆ ಹತ್ರದ ರಸ್ತೆಗೆ ಮೊದಲ ಸಲ ಹಾಕಿದ್ರು. ಹಳದಿ ಬಣ್ಣ ಯಾಕೆ? ಕಣ್ಣು ಪೂರ್ತಿ ಕಾಣದವರಿಗೆ ಪಾದ, ಕೋಲು ಸಾಕು. ಮಂದ ದೃಷ್ಟಿ ಇರೋರಿಗೆ ಬೂದು ನೆಲದ ಮೇಲೆ ಹಳದಿ ಎದ್ದು ಕಾಣುತ್ತೆ.

ನಮ್ಮ ಊರುಗಳಲ್ಲಿ ಈ ಸಾಲು ಎಷ್ಟೋ ಕಡೆ ಮರಕ್ಕೆ, ಟ್ರಾನ್ಸ್‌ಫಾರ್ಮರ್ ಕಟ್ಟೆಗೆ ಹೋಗಿ ಮುಟ್ಟುತ್ತೆ. ಇದು ಟೈಲ್ಸೇ ಇಲ್ಲದ ರಸ್ತೆಗಿಂತ ಅಪಾಯ. ಇಲ್ಲದಿದ್ರೆ ಹುಷಾರಾಗಿ ಹೆಜ್ಜೆ ಇಡ್ತಾರೆ. ಇದ್ರೆ ನಂಬಿ ನಡೀತಾರೆ.

ಇನ್ನೊಂದು. ಬಿಳಿ ಕೋಲು ನೆಲದ ಮೇಲಿರೋದನ್ನ ಹೇಳುತ್ತೆ, ಕತ್ತಿನ ಎತ್ತರಕ್ಕೆ ಜೋತುಬಿದ್ದ ಕೇಬಲ್ ವೈರನ್ನ ಹೇಳಲ್ಲ. ಮುಖಕ್ಕೆ ಬಡಿಯೋವರೆಗೂ ಅದು ಗೊತ್ತೇ ಆಗಲ್ಲ.

4/7

(ಫೋಟೋ ವಿವರಣೆ: ಫುಟ್‌ಪಾತ್ ಶುರುವಾಗೋ ಜಾಗದಲ್ಲಿ ಮೂರು ಗಿಡ್ಡ ಕಂಬಗಳು. ಎರಡರ ನಡುವಿನ ಸಂದಿಯಲ್ಲಿ ಒಂದು ಸ್ಕೂಟರ್ ಒಳಗೆ ನುಗ್ಗುತ್ತಿದೆ.)

ಇಲ್ಲಿವರೆಗೂ ಬೈದಿದ್ದೆಲ್ಲ ಯಾರ್ಯಾರಿಗೋ ಹೋಯ್ತು. ಇದು ನಮ್ಮ ವಯಸ್ಸಿನವರಿಗೆ.

ಟ್ರಾಫಿಕ್ ಜಾಮ್ ಆದ ತಕ್ಷಣ ಬೈಕ್ ಫುಟ್‌ಪಾತ್ ಹತ್ತುತ್ತೆ. ಅದನ್ನ ತಡೆಯೋಕೆ ಅಂತ ಅಡ್ಡ ಕಂಬ ನೆಡ್ತಾರೆ. ಈಗ ಅಳತೆ ನೋಡಿ. ಮಾಮೂಲಿ ವೀಲ್‌ಚೇರಿನ ಅಗಲ ಸುಮಾರು 650ರಿಂದ 700 ಮಿಲಿಮೀಟರ್. ಕೈ ಆಡಿಸೋಕೂ ಜಾಗ ಸೇರಿಸಿದ್ರೆ ಕನಿಷ್ಠ 900 ಬೇಕು. ಗೇರ್ ಇಲ್ಲದ ಸ್ಕೂಟರಿನ ಅಗಲ ಎಷ್ಟು? ಸುಮಾರು 700.

ಅರ್ಥ ಆಯ್ತಲ್ಲ? ವೀಲ್‌ಚೇರ್ ನುಗ್ಗೋ ಸಂದೀಲಿ ಸ್ಕೂಟರೂ ನುಗ್ಗುತ್ತೆ. ಸ್ಕೂಟರ್ ನುಗ್ಗದ ಸಂದೀಲಿ ವೀಲ್‌ಚೇರೂ ನುಗ್ಗಲ್ಲ. ಯಾವ ಎಂಜಿನಿಯರ್ ಬಂದ್ರೂ ಈ ಲೆಕ್ಕ ಬದಲಾಗಲ್ಲ. ಬೈಕ್ ನುಗ್ಗಿಸೋರ ಮೇಲಿನ ಸಿಟ್ಟಿಗೆ ಕಂಬ ಹತ್ತಿರ ಹತ್ತಿರ ನೆಟ್ಟಾಗ ದಂಡ ಕಟ್ಟೋದು ಬೈಕ್ ಓಡಿಸೋಕೇ ಆಗದವರು. ಬೈಕಿನವನು ಮುಂದಿನ ಗೇಟಿನ ರ‍್ಯಾಂಪಿಂದ ಹತ್ತುತ್ತಾನೆ.

ಹಾಗಾಗಿ ಈ ಒಂದು ವಿಷಯಕ್ಕೆ ಸಿಮೆಂಟಿನಲ್ಲಿ ಪರಿಹಾರ ಇಲ್ಲ. ದಂಡ ಹಾಕೋದು ಪೊಲೀಸರ ಕೆಲಸ, ಸರಿ. ಆದ್ರೆ ಹತ್ತಿಸದೇ ಇರೋದು ನಿಮ್ಮ ಕೈಯಲ್ಲಿದೆ. "ಎರಡೇ ನಿಮಿಷ ಮಗಾ" ಅಂತ ಹಳದಿ ಟೈಲ್ಸ್ ಮೇಲೆ ಗಾಡಿ ನಿಲ್ಸಿ ಟೀ ಕುಡಿಯೋ ಫ್ರೆಂಡಿಗೆ ಹೇಳೋದೂ ನಿಮ್ಮ ಕೈಯಲ್ಲೇ ಇದೆ.

ಒಂದು ಎಚ್ಚರಿಕೆ. ಫುಟ್‌ಪಾತ್ ಸರಿ ಮಾಡಿ ಅಂದ ತಕ್ಷಣ ಮೊದಲು ಎತ್ತಂಗಡಿ ಆಗೋದು ಹೂವಿನಮ್ಮ, ಕಡಲೆಕಾಯಿ ಗಾಡಿಯವರು. ದಯವಿಟ್ಟು ಆ ಮೆರವಣಿಗೆಗೆ ಸೇರಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡ ಕೇಳೋದು ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ನಡೆದಾರಿ. ಅಷ್ಟು ಬಿಟ್ಟು ಪಕ್ಕದಲ್ಲಿ ಗಾಡಿಗೆ, ಮರಕ್ಕೆ, ಕಂಬಕ್ಕೆ ಜಾಗ ಗುರುತು ಮಾಡಬಹುದು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳನ್ನ, ಅಂದ್ರೆ ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ ರಸ್ತೆಗಳ ಅಗಲ ಫುಟ್‌ಪಾತನ್ನ ಒಮ್ಮೆ ನಡೆದು ನೋಡಿ. ಮನಸ್ಸು ಮಾಡಿದ್ರೆ ಜಾಗ ಹುಟ್ಟುತ್ತೆ.

5/7

(ಫೋಟೋ ವಿವರಣೆ: ದೊಡ್ಡ ರಸ್ತೆಯ ಮೇಲೆ ಸ್ಕೈವಾಕ್. ಒಬ್ಬ ಅಜ್ಜ ಕೆಳಗೆ ಡಿವೈಡರ್ ಕಂಬಿ ದಾಟುತ್ತಿದ್ದಾರೆ.)

ಸ್ಕೈವಾಕ್ ಕಟ್ಟೋದು ಯಾರಿಗೋಸ್ಕರ? ನಡೆಯೋರಿಗೆ ಅಂತ ಬೋರ್ಡ್ ಇರುತ್ತೆ. ನಾನು ಹೇಳ್ತೀನಿ, ವಾಹನ ನಿಲ್ಲಬಾರದು ಅಂತ. ಎಂಜಿನ್ ಇರೋ ಗಾಡಿ ನೆಲದ ಮೇಲೆ ಸಲೀಸಾಗಿ ಹೋಗಲಿ, ಮಂಡಿ ಸವೆದಿರೋ ಮನುಷ್ಯ ಎರಡು ಮಹಡಿ ಹತ್ತಿ ಇಳಿಯಲಿ ಅನ್ನೋ ವ್ಯವಸ್ಥೆ ಅದು. ಲಿಫ್ಟ್ ಕೆಟ್ಟ ದಿನ ಅದು ಬರೀ ಜಾಹೀರಾತಿನ ಫಲಕ. ನನ್ನ ಪ್ರಕಾರ ಮೊದಲ ಆಯ್ಕೆ ನೆಲದ ಮೇಲಿನ ಜೀಬ್ರಾ ಕ್ರಾಸಿಂಗ್, ಸಾಕಷ್ಟು ಸೆಕೆಂಡ್ ಕೊಡೋ ಸಿಗ್ನಲ್, ಕಣ್ಣು ಕಾಣದವರಿಗೆ ದಾಟೋ ಹೊತ್ತನ್ನ ತಿಳಿಸೋ ಸದ್ದು.

ಬಸ್ಸಿಗೆ ಬನ್ನಿ. ಮಾಮೂಲಿ ಬಸ್ಸಿನ ನೆಲ ರಸ್ತೆಯಿಂದ 900 ಮಿಲಿಮೀಟರ್ ಎತ್ತರದಲ್ಲಿರುತ್ತೆ. ಲೋಫ್ಲೋರ್ ಬಸ್ಸಿನದ್ದು 400. ಈ ಅರ್ಧ ಮೀಟರ್ ವ್ಯತ್ಯಾಸದಲ್ಲಿ ಒಬ್ಬರ ಕೆಲಸ, ಓದು, ಓಡಾಟ ಎಲ್ಲ ನಿರ್ಧಾರ ಆಗಿಬಿಡುತ್ತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಮಕ್ಕಳಿಗೆ ಬಸ್ ಫ್ರೀ. ಒಳ್ಳೇದು, ನನ್ನ ಪೂರ್ತಿ ಬೆಂಬಲ ಇದೆ. ಆದ್ರೆ ವೀಲ್‌ಚೇರ್‌ನಲ್ಲಿರೋ ಹುಡುಗಿಗೆ ಟಿಕೆಟ್ ಫ್ರೀ ಆದ್ರೆ ಸಾಕಾ? ಮೊದಲನೇ ಮೆಟ್ಟಿಲು ಹತ್ತಿಸೋರು ಯಾರು?

ನಮ್ಮಿಂದ ಆಗಲ್ಲ ಅನ್ನೋರಿಗೆ ಉತ್ತರ ಊರಲ್ಲೇ ಇದೆ. 2011ರಲ್ಲಿ ಶುರುವಾದ ನಮ್ಮ ಮೆಟ್ರೋದಲ್ಲಿ ಲಿಫ್ಟ್ ಇದೆ, ಉಬ್ಬು ಟೈಲ್ಸ್ ಇದೆ, ಸ್ಟೇಷನ್ ಹೆಸರು ಹೇಳೋ ದನಿ ಇದೆ. ಅದೇ ಊರು, ಅದೇ ಜನ, ಅದೇ ತೆರಿಗೆ. ತೊಂದರೆ ಏನಂದ್ರೆ ಯಾರ ಮನೆಯೂ ಸ್ಟೇಷನ್ ಒಳಗಿಲ್ಲ. ಮನೆ, ಬೀದಿ, ಬಸ್ಸು, ಮೆಟ್ರೋ, ಕಾಲೇಜು ಎಲ್ಲ ಒಂದು ಸರಪಳಿ. ಎಂಟು ಕೊಂಡಿ ಗಟ್ಟಿ ಇದ್ದು ಒಂಬತ್ತನೇದು ಮುರಿದಿದ್ರೆ ಆ ಮನುಷ್ಯ ಮನೆಯಲ್ಲೇ ಉಳೀತಾನೆ.

6/7

(ಫೋಟೋ ವಿವರಣೆ: ಕಚೇರಿಯೊಂದರ ಗೋಡೆ ಮೇಲೆ ವೀಲ್‌ಚೇರ್ ಚಿತ್ರದ ನೀಲಿ ಫಲಕ. ಫಲಕದ ಕೆಳಗೆ ನಾಲ್ಕು ಮೆಟ್ಟಿಲು.)

ಹೆಸರು ಬದಲಾಯಿಸೋದರಲ್ಲಿ ನಾವು ಬಹಳ ಚುರುಕು. ಅಂಗವಿಕಲರು ಅಂತಿದ್ವಿ. ವಿಕಲಚೇತನರು ಅಂದ್ವಿ. ವಿಶೇಷಚೇತನರು ಅಂದ್ವಿ. ದಿವ್ಯಾಂಗರು ಅಂತಲೂ ಆಯ್ತು. ಪದ ನಾಲ್ಕಾಯ್ತು, ಮೆಟ್ಟಿಲು ಅಷ್ಟೇ ಇವೆ.

ಕಾನೂನು ಇಲ್ಲವಾ? ಇದೆ. 2016ರ ಕಾಯ್ದೆ, ನಿಯಮ ಬಂದ ಐದು ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರಿಗೂ ಹೋಗೋ ಹಾಗೆ ಮಾಡಿ ಅಂತು. ನಿಯಮ ಬಂದಿದ್ದು 2017ರಲ್ಲಿ. ಗಡುವು ಮುಗಿದಿದ್ದು 2022ಕ್ಕೆ. ಕಣ್ಣು ಕಾಣದ ರಾಜೀವ್ ರತೂರಿ ಅವರು ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋಗಿದ್ದು 2005ರಲ್ಲಿ. 2017ರಲ್ಲಿ ಕೋರ್ಟ್ ಸಾಲು ಸಾಲು ನಿರ್ದೇಶನ ಕೊಡ್ತು. ಆಮೇಲೆ 2024ರ ನವೆಂಬರ್ 8ರಂದು ಇನ್ನೊಂದು ಮುಖ್ಯ ಮಾತು ಹೇಳಿತು: ಕಾಯ್ದೆ ಕಡ್ಡಾಯ ಅಂದಿದ್ದನ್ನ ನಿಯಮ ಬರೀ ಶಿಫಾರಸು ಮಾಡಿಬಿಟ್ಟಿದೆ, ಅದು ನಡೆಯಲ್ಲ, ಮೂರು ತಿಂಗಳಲ್ಲಿ ಕಡ್ಡಾಯ ಮಾನದಂಡ ರೂಪಿಸಿ. 2025ರ ಮೇನಲ್ಲಿ ಅದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಫುಟ್‌ಪಾತ್ ಬಳಸೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತು.

ಅಂದ್ರೆ ಇದು ದಾನ ಧರ್ಮದ ವಿಷಯ ಅಲ್ಲ. ಸಾಧನೆಯ ಬಹುಮಾನವೂ ಅಲ್ಲ. ಗದುಗಿನ ಪುಟ್ಟರಾಜ ಗವಾಯಿಗಳ ಹೆಸರು ಬಂದಾಗ ನಾವೆಲ್ಲ ಕೈ ಮುಗೀತೀವಿ, ಮುಗೀಬೇಕು. ಆದ್ರೆ ಹಾರ್ಮೋನಿಯಂ ಬಾರದ, ಪ್ರಶಸ್ತಿ ಗೆಲ್ಲದ, ಅರ್ಧ ಲೀಟರ್ ಹಾಲು ತರೋಕೆ ಹೊರಟ ಅಂಧ ಹುಡುಗನಿಗೂ ರಸ್ತೆ ಬೇಕಲ್ವಾ?

ಕೈಯಲ್ಲೇ ತೆವಳ್ಕೊಂಡು ಮೂರು ಮಹಡಿ ಹತ್ತಿ ಪರೀಕ್ಷೆ ಬರೆದವರ ರೀಲ್‌ಗೆ ಕಣ್ಣೀರಿನ ಮ್ಯೂಸಿಕ್ ಹಾಕಿ "ಸ್ಫೂರ್ತಿ" ಅಂತ ಶೇರ್ ಮಾಡ್ತೀವಿ. ಆ ಮುಂದಿನ ಸಲ ಒಂದೇ ಒಂದು ಪ್ರಶ್ನೆ ಕಾಮೆಂಟ್ ಮಾಡಿ: ಪರೀಕ್ಷೆ ಕೋಣೆ ಕೆಳಗಡೆ ಯಾಕಿರಲಿಲ್ಲ?

7/7

(ಫೋಟೋ ವಿವರಣೆ: ಅಂಗೈ ಮೇಲೆ ಐದು ಮೀಟರಿನ ಅಳತೆ ಟೇಪು.)

ಹಾಗಾದ್ರೆ ಏನು ಮಾಡೋದು? ನಾಲ್ಕು ಕೆಲಸ.

ಒಂದು. ನಿಮ್ಮ ಕಾಲೇಜ್ ಗೇಟಿನಿಂದ ಹತ್ತಿರದ ಬಸ್ ಸ್ಟಾಪಿನವರೆಗೆ ಟೇಪ್ ಹಿಡಿದು ನಡೀರಿ. ಫುಟ್‌ಪಾತ್ ಅಗಲ, ಎತ್ತರ, ಇಳಿಜಾರಿನ ಉದ್ದ, ದಾರಿಗೆ ಅಡ್ಡ ನಿಂತಿರೋದು ಏನೇನು. ಬರ್ಕೊಳ್ಳಿ. ವೀಲ್‌ಚೇರ್ ಬಳಸೋ, ಕಣ್ಣು ಕಾಣದ ಸಹಪಾಠಿಗಳಿದ್ರೆ ಮೊದಲು ಅವರನ್ನ ಕೇಳಿ. ಪಟ್ಟಿ ಅವರು ಹೇಳಲಿ, ಬರಿಯೋದು ನೀವು. ಬಾಡಿಗೆ ವೀಲ್‌ಚೇರಲ್ಲಿ ಹತ್ತು ನಿಮಿಷ ಕೂತು "ಅವರ ಕಷ್ಟ ಗೊತ್ತಾಯ್ತು" ಅಂತ ರೀಲ್ ಮಾಡೋದು ಬೇಡ.

ಎರಡು. ಆ ಪಟ್ಟಿನ ಕಳಿಸಿ. ಕೇಂದ್ರ ಸರ್ಕಾರದ ಸುಗಮ್ಯ ಭಾರತ್ ಆ್ಯಪ್ ಇರೋದೇ ಇಂಥ ದೂರಿಗೆ. ವಿಕಲಚೇತನರ ಹಕ್ಕುಗಳಿಗೆ ರಾಜ್ಯ ಆಯುಕ್ತರ ಕಚೇರಿ ಇದೆ. ಕಾಯ್ದೆ ಮುರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮುರಿದ್ರೆ 50,000ದಿಂದ 5 ಲಕ್ಷದವರೆಗೆ ದಂಡ ಹಾಕಬಹುದು. ಅಳತೆ ಇರೋ ದೂರಿಗೆ ಉತ್ತರ ಕೊಡದೆ ತಪ್ಪಿಸ್ಕೊಳ್ಳೋದು ಕಷ್ಟ.

ಮೂರು. ನಿಮ್ಮ ಫೆಸ್ಟ್. ಸ್ಟೇಜಿಗೆ ರ‍್ಯಾಂಪ್, ಸ್ಪರ್ಧೆಗಳು ನೆಲಮಹಡಿಯಲ್ಲಿ. ಇದಕ್ಕೆ ಯಾವ ಕೋರ್ಟ್ ಆದೇಶವೂ ಬೇಡ, ಕಮಿಟಿ ಮೀಟಿಂಗಲ್ಲಿ ಒಬ್ಬರು ಬಾಯಿ ಬಿಟ್ರೆ ಸಾಕು.

ನಾಲ್ಕು. ಈ ಸರಣಿ ತುಂಬ ಆವರಣದಲ್ಲಿ ಫೋಟೋ ವಿವರಣೆ ಇತ್ತಲ್ಲ, ಅದನ್ನ ನೀವೂ ಹಾಕಿ. ಸ್ಕ್ರೀನ್ ರೀಡರ್ ಕನ್ನಡ ಓದುತ್ತೆ. ಎರಡು ಸಾಲು ಬರೆದ್ರೆ ಕಣ್ಣು ಕಾಣದ ಫಾಲೋವರ್‌ಗೂ ನಿಮ್ಮ ಫೋಟೋ ಸಿಗುತ್ತೆ. ಇದೂ ಒಂದು ಬೀದಿನೇ, ಇಲ್ಲೂ ರ‍್ಯಾಂಪ್ ಬೇಕು.

ಇನ್ನೊಂದು ಸಣ್ಣ ಮಾತು. ರಸ್ತೆ ದಾಟೋಕೆ ನಿಂತ ಅಂಧರ ಕೈ ಹಿಡಿದು ಎಳೀಬೇಡಿ. "ಸಹಾಯ ಬೇಕಾ?" ಅಂತ ಕೇಳಿ. ಬೇಡ ಅಂದ್ರೆ ಬೇಡ.

ಈ ಪೋಸ್ಟಿಗೆ ಹಾರ್ಟ್ ಹಾಕದಿದ್ರೂ ಪರವಾಗಿಲ್ಲ. ಭಾನುವಾರದೊಳಗೆ ಕಾಮೆಂಟಲ್ಲಿ ನಿಮ್ಮ ಕಾಲೇಜ್ ಗೇಟಿನ ಅಳತೆ ಹಾಕಿ. ಎಲ್ಲವನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿ ಆಯುಕ್ತರಿಗೆ ಕಳಿಸೋ ಕೆಲಸ ನಂದು.

#ಎಲ್ಲರಿಗೂ_ರಸ್ತೆ #ಫುಟ್‌ಪಾತ್_ಬಿಡಿ #ಟೇಪ್_ಹಿಡೀರಿ