ಅಣ್ಣನ 80 ಪರ್ಸೆಂಟ್

ಹೋದ ಭಾನುವಾರ ಬೆಳಿಗ್ಗೆ ಎದುರುಮನೆಯ ಪುಟ್ಟಿ ಒಂದು ಕಾರ್ಡು ಹಿಡಿದುಕೊಂಡು ಓಡಿ ಬಂದಳು. ನಾಲ್ಕನೇ ಕ್ಲಾಸಿನ ಹುಡುಗಿ. "ತಾತ, ಅಣ್ಣ ಪರೀಕ್ಷೆನೇ ಬರೆದಿಲ್ಲ, ಅವನಿಗೆ 80 ಪರ್ಸೆಂಟ್ ಯಾರು ಕೊಟ್ರು? ನಂಗೆ ಲೆಕ್ಕದಲ್ಲಿ 72 ಬಂತು ಅಂತ ಅಮ್ಮ ಬೈದ್ರು" ಎಂದಳು.

ಅದು ಅವಳ ಅಣ್ಣನ ಯುಡಿಐಡಿ ಕಾರ್ಡು, ಸರ್ಕಾರ ವಿಶೇಷಚೇತನರಿಗೆ ಕೊಡುವ ಗುರುತಿನ ಚೀಟಿ. ಹುಡುಗನಿಗೆ ಈಗ 17 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಜೊತೆಗೆ ಬುದ್ಧಿಯ ಬೆಳವಣಿಗೆಯೂ ಕಡಿಮೆ. ತುತ್ತನ್ನು ಅಮ್ಮನೇ ಬಾಯಿಗಿಡಬೇಕು. ಅವನ ಕಷ್ಟ ಎಷ್ಟೆಂದು ಡಾಕ್ಟರು ಅಳೆದು ಬರೆದ ಅಂಕಿ ಅದು ಎಂದೆ. "ಹಾಗಾದ್ರೆ ಜಾಸ್ತಿ ಬರಬಾರದಿತ್ತು ಅಲ್ವಾ?" ಎಂದು ಪುಟ್ಟಿ ಸಣ್ಣ ಮುಖ ಮಾಡಿದಳು. ಬರಬಾರದಿತ್ತು, ನಿಜ. ಬಂದ ಮೇಲೆ ಅದನ್ನು ಉಪಯೋಗಿಸಿಕೊಳ್ಳಬೇಕು. "ಅಪ್ಪನಿಗೆ ಫಾರಂ 16 ತಗೊಂಡು ಬರೋಕೆ ಹೇಳು" ಎಂದು ಕಳಿಸಿದೆ.

ಅಪ್ಪ ಬಂದರು. ಖಾಸಗಿ ಕಂಪನಿಯ ಕೆಲಸ. 2024-25ರಲ್ಲಿ ಚಿಲ್ಲರೆ ಬಿಟ್ಟು 9,50,000 ಸಂಬಳ. ಕಂಪನಿಯವರು ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕಿ 39,000 ರೂಪಾಯಿ ತೆರಿಗೆ ಹಿಡಿದಿದ್ದರು. "ಮಗನ ವಿಷಯ ಆಫೀಸಿನಲ್ಲಿ ಹೇಳಲಿಲ್ಲವೇನಪ್ಪಾ?" ಎಂದು ಕೇಳಿದೆ. "ಅದನ್ನೆಲ್ಲ ಅಲ್ಲಿ ಯಾಕೆ ಸರ್ ಹೇಳೋದು" ಎಂದು ತಲೆ ತಗ್ಗಿಸಿದರು. ಮಗನ ವಿಷಯ ಹೇಳಿಕೊಳ್ಳಲು ಸಂಕೋಚಪಡುವ ತಂದೆಯರನ್ನು ನಾನು ಬಹಳ ನೋಡಿದ್ದೇನೆ. ಆ ಸಂಕೋಚಕ್ಕೆ ವರ್ಷಕ್ಕೆ ಎಷ್ಟು ಬೆಲೆ ತೆರುತ್ತಿದ್ದೇವೆಂದು ಯಾರೂ ಕೂಡಿ ನೋಡುವುದಿಲ್ಲ. ನಾವು ಕೂಡಿ ನೋಡಿದೆವು.

2024-25ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂಬ ಕಲಮಿದೆ. ನಮ್ಮನ್ನೇ ನಂಬಿಕೊಂಡಿರುವ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕನಿಷ್ಠ ಶೇ. 40 ವೈಕಲ್ಯವಿದ್ದು ಅವರ ಆರೈಕೆಗೆ ಖರ್ಚು ಮಾಡುತ್ತಿದ್ದರೆ ನಮ್ಮ ಆದಾಯದಲ್ಲಿ 75,000 ರೂಪಾಯಿ ಕಳೆಯಬಹುದು. ಶೇ. 80 ಅಥವಾ ಮೇಲಾದರೆ 1,25,000. ಖರ್ಚು 20,000 ಆಗಿದ್ದರೂ ಪೂರ್ತಿ ಮೊತ್ತವೇ ಸಿಗುತ್ತದೆ. ಈ ಹುಡುಗನದು ಸರಿಯಾಗಿ 80. ಒಂದು ಕಡಿಮೆ ಇದ್ದಿದ್ದರೆ 75,000ಕ್ಕೇ ನಿಲ್ಲುತ್ತಿತ್ತು. (ವೈಕಲ್ಯವಿರುವವರೇ ದುಡಿಯುತ್ತಿದ್ದರೆ ಅವರಿಗೆ 80ಯು ಕಲಮು, ಮೊತ್ತ ಇಷ್ಟೇ. ಅವರು ಅದನ್ನು ತೆಗೆದುಕೊಂಡರೆ ಅವರ ಹೆಸರಿನಲ್ಲಿ ಮನೆಯವರಿಗೆ 80ಡಿಡಿ ಇಲ್ಲ.)

ಒಂದು ತೊಡಕು. ಈ ಎರಡೂ ಕಲಮು ಹಳೆಯ ಪದ್ಧತಿಯಲ್ಲಿ ಮಾತ್ರ. ಹಳೆಯದರಲ್ಲಿ ಅವರ ಲೆಕ್ಕ ಹೀಗೆ: ಸಂಬಳದವರ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಮನೆ ಸಾಲದ ಬಡ್ಡಿ 1,00,000, ಪಿಎಫ್ ಇತ್ಯಾದಿ 1,50,000, ಆರೋಗ್ಯ ವಿಮೆ 25,000. ಉಳಿದದ್ದು 6,25,000. ಅದಕ್ಕೂ ತೆರಿಗೆ 39,000ವೇ! ಇನ್ನು ಮಗನ 1,25,000 ಕಳೆಯಿರಿ. 5,00,000. ಅಲ್ಲಿಗೆ ರಿಬೇಟು ಬಂದು ತೆರಿಗೆ ಸೊನ್ನೆ. ಹಿಡಿದಿದ್ದ 39,000 ಪೂರ್ತಿ ವಾಪಸು. ಅಪ್ಪ ಕಾಗದ ತಿರುಗಿಸಿ ಎರಡು ಸಲ ಕೂಡಿದರು. "ಇದು ಅವನ ಆರು ತಿಂಗಳ ಫಿಸಿಯೋಥೆರಪಿ ಸರ್" ಎಂದರು.

ರಿಟರ್ನ್ಸ್ ಸಲ್ಲಿಸುವ ಮುಂಚೆ ಒಂದು ಕೆಲಸ ಬಾಕಿ. ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವೈಕಲ್ಯವಾದರೆ ಕಾರ್ಡು ಸಾಲದು. ಫಾರಂ 10-ಐಎಯಲ್ಲಿ ನರರೋಗ ತಜ್ಞರ ಅಥವಾ ಸರ್ಕಾರಿ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಪ್ರಮಾಣಪತ್ರ ಪಡೆದು, ಅದನ್ನು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಹಾಕಬೇಕು. ಆ ಸ್ವೀಕೃತಿ ಸಂಖ್ಯೆಯನ್ನೂ ಯುಡಿಐಡಿ ಸಂಖ್ಯೆಯನ್ನೂ ರಿಟರ್ನ್ಸ್‌ನಲ್ಲೇ ಕೇಳುತ್ತಾರೆ. 2024-25ರ ರಿಟರ್ನ್ಸ್‌ಗೆ ಗಡುವು 2025ರ ಸೆಪ್ಟೆಂಬರ್ 16 ಆಗಿತ್ತು. ಗಡುವು ದಾಟಿದರೆ ಹಳೆಯ ಪದ್ಧತಿ ಆರಿಸುವ ಹಕ್ಕೇ ಹೋಗುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ಆದಾಯದವರೆಗೆ ತೆರಿಗೆ ಇಲ್ಲವಾದ್ದರಿಂದ, ಆ ವರ್ಷಕ್ಕೆ ಇವರಿಗೆ ಹೊಸದೇ ಸಾಕು. ಸಂಬಳದವರು ವರ್ಷ ವರ್ಷ ಬದಲಾಯಿಸಬಹುದು. ಎರಡನ್ನೂ ಕಾಗದದ ಮೇಲೆ ಹಾಕಿ ನೋಡುವುದಕ್ಕೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಮನೆಯವರು ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ ಹಾಕಲಿ. ಇಂಥ ಮಕ್ಕಳಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ಎಂಬ ಆರೋಗ್ಯ ವಿಮೆಯೂ ಉಂಟು. 1 ಲಕ್ಷದವರೆಗೆ, ಥೆರಪಿಯ ಖರ್ಚೂ ಸೇರಿ. ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ ಎಂದು ಕೇಳುವುದಿಲ್ಲ.

ಹೊರಡುವಾಗ ಅಪ್ಪ, "ಬರೋ ಮಾರ್ಚಿಗೆ ಅವನಿಗೆ 18 ತುಂಬತ್ತೆ" ಎಂದರು. ಆ ಮಾತು ಕೇಳಿ ನಾನು ಅವರನ್ನು ಮತ್ತೆ ಕೂರಿಸಿದೆ.

ಅದು 2001ರ ಆಸುಪಾಸು. ಒಬ್ಬ ತಾಯಿ ಮಗನ ಪಾಸ್‌ಬುಕ್ ಹಿಡಿದು ನನ್ನ ಕೌಂಟರಿಗೆ ಬಂದಿದ್ದರು. ಅವನೂ ಇಂಥದೇ ಹುಡುಗ. ಅವನ ಖಾತೆಯಿಂದ ಆಸ್ಪತ್ರೆಗೆ ದುಡ್ಡು ಬೇಕಿತ್ತು. "ಅವನಿಗೆ 18 ಆಗಿದೆಯಮ್ಮ, ಇನ್ನು ನಿಮ್ಮ ಸಹಿ ನಡೆಯಲ್ಲ. ಕೋರ್ಟಿನಿಂದ ಆರ್ಡರ್ ತನ್ನಿ" ಎಂದೆ. ಮ್ಯಾನೇಜರೂ ಹೌದೆಂದರು. ಆಕೆ ವಾದ ಮಾಡಲಿಲ್ಲ. ಪಾಸ್‌ಬುಕ್ ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಮತ್ತೆ ನಮ್ಮ ಶಾಖೆಗೆ ಬರಲೇ ಇಲ್ಲ.

ರಾಷ್ಟ್ರೀಯ ನ್ಯಾಸ ಕಾಯ್ದೆ 1999ರಲ್ಲೇ ಆಗಿತ್ತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ, ಅಗತ್ಯವಿದ್ದರೆ, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಸಮಿತಿಯೇ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆ ಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ಆಮೇಲೆ ರಿಸರ್ವ್ ಬ್ಯಾಂಕೂ ಹೇಳಿತು. ಅಂದು ನಮ್ಮ ಶಾಖೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಮನಸ್ಸೂ ನನಗೆ ಬರಲಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಎಲ್ಲರಿಗೂ ಪೋಷಕರು ಬೇಕಿಲ್ಲ ಎಂಬುದೂ ನೆನಪಿರಲಿ. ಕೈ ನಡುಗಿದರೂ ಬುದ್ಧಿ ಚುರುಕಾಗಿರುವವರು ಬಹಳ ಮಂದಿ. ಹೆಬ್ಬೆಟ್ಟೊತ್ತಿ ತಮ್ಮ ಖಾತೆ ತಾವೇ ನಡೆಸುತ್ತಾರೆ.

ಪುಟ್ಟಿ ಎಲ್ಲ ಕೇಳಿಸಿಕೊಂಡು ಕೂತಿದ್ದಳು. "ತಾತ, ಅಪ್ಪ ಅಮ್ಮ ಮುದುಕರಾದ ಮೇಲೆ ನಾನು ಅಣ್ಣನ್ನ ನೋಡ್ಕೊಂಡ್ರೆ ನಂಗೂ ಆ 1,25,000 ಬರುತ್ತಾ?" ಎಂದಳು. ಒಡಹುಟ್ಟಿದವರೂ ಪಟ್ಟಿಯಲ್ಲಿದ್ದಾರೆ, ಕಾಯ್ದೆ ಹೀಗೇ ಇದ್ದರೆ ಬರುತ್ತದೆ ಎಂದೆ. ಅವಳು ನನ್ನ ಪೆನ್ನು ಕೇಳಿ ಇಸಿದುಕೊಂಡು, ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ '80ಡಿಡಿ' ಎಂದು ಬರೆದುಕೊಂಡಳು.